ಬದುಕಿರುವವನ ಹಾಡು

ಮುಖ ತಿರುಗಿಸಿದ್ದು ತಾನೋ ಅಥವಾ ಕಣ್ಣಿಗೆ ಬಡಿದ ಗಾಳಿಯೋ ಎಂಬುದು ಐರಿಶ್ ಹಬ್ಬದ ಮೆರವಣಿಗೆ ಮುಗಿದ ಮೇಲೂ ನೋರೀನ್‌ಗೆ ತೀರ್ಮಾನವಾಗಿರಲಿಲ್ಲ. ನ್ಯೂಯಾರ್ಕಿನ ಮಾರ್ಚ್ ತಿಂಗಳ ಗಾಳಿಗೆ ಮೊದಲೇ ಬೇಕಾದಷ್ಟು ಕೆಟ್ಟ ಹೆಸರಿದೆ, ಇನ್ನೊಂದು ಆಪಾದನೆ ಹೊರಿಸಿದರೆ ಅದಕ್ಕೇನೂ ನಷ್ಟವಿಲ್ಲ. ಆದರೆ ಗಾಳಿ ಬೀಸುತ್ತಿದ್ದದ್ದು ಎಡಗಡೆಯ ಉದ್ಯಾನದಿಂದ, ಅವಳು ಮುಖ ತಿರುಗಿಸಿದ್ದೂ ಎಡಕ್ಕೇ. ಗಾಳಿಗೆ ಅಂಜಿದವರು ಗಾಳಿಯ ಕಡೆಗೇ ಮುಖ ಕೊಡುತ್ತಾರೆಯೆ? ಬಲಗಡೆ, ಅರವತ್ತೆಂಟನೆಯ ರಸ್ತೆಯ ಮೂಲೆಯಲ್ಲಿ, ವೀಲ್‌ಚೇರಿನಲ್ಲಿ ಅವಳ ಗಂಡ ಮಲಾಕಿ ಕೂತಿದ್ದ. ಅವನ ಹಿಂದೆ ಕೆಳಮನೆಯ ಡಿಂಪ್ನಾ ನಿಂತಿದ್ದಳು. ಬೆಳಿಗ್ಗೆ ತಾನೇ ತೊಡಿಸಿದ ಟೋಪಿ, ಹೊದಿಸಿದ ಹಸಿರು ಚೌಕಳಿಯ ಹೊದಿಕೆ ದೂರದಿಂದಲೇ ಕಂಡಿದ್ದವು. ಇನ್ನು ಹತ್ತು ಹೆಜ್ಜೆ ನಡೆದರೆ ಅವರ ಎದುರಿಗೆ ಬರುತ್ತೇನೆ, ಕೈ ಬೀಸಬೇಕು, ನಗಬೇಕು ಎಂದು ಅವಳು ಅಂದುಕೊಂಡಿದ್ದಳು ಕೂಡ. ಆ ಹೊತ್ತಿಗೆ ಸರಿಯಾಗಿ ಕತ್ತು ಎಡಕ್ಕೆ ಹೊರಳಿತು. ಉದ್ಯಾನದ ಕಲ್ಲುಗೋಡೆ, ಬೋಳು ಮರಗಳು, ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ಕಾಲೇಜು ಹುಡುಗರು, ಇವನ್ನೆಲ್ಲ ಅವಳು ಬಹಳ ಆಸಕ್ತಿಯಿಂದ ನೋಡಿದಳು. ಬೆನ್ನ ಹಿಂದೆ ಡಿಂಪ್ನಾ "ನೋರೀನ್! ಏ ನೋರೀನ್, ಈ ಕಡೆ ನೋಡೇ!" ಎಂದು ಕೂಗಿದ್ದು ಕೇಳಿಸಿತ್ತು. ಡೋಲಿನ ಸದ್ದಿನಲ್ಲಿ ಕೇಳಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆ. ಕೇಳಿದವಳನ್ನು ನಂಬಿಸುವುದೇ ಕಷ್ಟ. ಕಣ್ಣಂಚಿನಲ್ಲಿ ಒಂದು ಕೈ ಮೇಲೆದ್ದದ್ದೂ ಕಂಡಿತ್ತು. ಎಡಗೈ. ಲಕ್ವ ಹೊಡೆದ ಮೇಲೆ ಅವನ ಮಾತು ಕೇಳುವ ಕೈ ಅದೊಂದೇ.

ಎಪ್ಪತ್ತೊಂಬತ್ತನೆಯ ರಸ್ತೆಯಲ್ಲಿ ಮೆರವಣಿಗೆ ಚದುರುತ್ತದೆ. ಅಲ್ಲಿಯವರೆಗೆ ಎದೆಯುಬ್ಬಿಸಿ ನಡೆದವರೆಲ್ಲ ಇದ್ದಕ್ಕಿದ್ದಂತೆ ಶೌಚಾಲಯ ಹುಡುಕುವ ಮುದುಕ ಮುದುಕಿಯರಾಗಿಬಿಡುತ್ತಾರೆ. ಲೀಟ್ರಿಂ ಎಂಬ ಐರಿಶ್ ಜಿಲ್ಲೆಯ ಸಂಘದವರು ಬ್ಯಾನರನ್ನು ಸುತ್ತಿ ಕೋಲುಗಳನ್ನು ಕಳಚುತ್ತಿದ್ದಾಗ ನೋರೀನ್ ಎದೆಯ ಮೇಲಿನ ಹಸಿರು-ಬಂಗಾರದ ಪಟ್ಟಿಯನ್ನು ತೆಗೆಯದೆ ಹಾಗೆಯೇ ಬಂದ ದಾರಿಯಲ್ಲಿ ಹಿಂದಕ್ಕೆ ನಡೆದಳು. ಇಷ್ಟು ವರ್ಷ ಈ ಪಟ್ಟಿ ಇದ್ದದ್ದು ಮಲಾಕಿಯ ಎದೆಯ ಮೇಲೆ. ಒಗೆದು ಇಸ್ತ್ರಿ ಮಾಡುವುದಷ್ಟೇ ಅವಳ ಪಾಲು. ಅವನು ಬ್ಯಾನರಿನ ಒಂದು ಕೋಲು ಹಿಡಿದು ನಡೆಯುತ್ತಿದ್ದ, ಅವಳು ಬದಿಯಲ್ಲಿ ಅವನ ಕೋಟನ್ನು ತೋಳಲ್ಲಿ ಹೊತ್ತು ನಿಲ್ಲುತ್ತಿದ್ದಳು. ಕೋಟು ಹಾಕಿಕೊಂಡರೆ ಪಟ್ಟಿ ಮುಚ್ಚಿಹೋಗುತ್ತದೆಂದು ಎಂಥ ಚಳಿಯಲ್ಲೂ ಅವನು ಹಾಕುತ್ತಿರಲಿಲ್ಲ. ಎದುರಿಗೆ ಹಾದುಹೋಗುವಾಗ ಅವನು ಅವಳ ಕಡೆ ನೋಡುತ್ತಿದ್ದನೆ? ಇಲ್ಲ. ಕೋಲು ಹಿಡಿದವನು ಆಚೀಚೆ ನೋಡಬಾರದು, ಅಡ್ಡರಸ್ತೆಯ ಗಾಳಿಗೆ ಬ್ಯಾನರು ಕೈಯಿಂದ ಕಿತ್ತುಕೊಂಡು ಹೋಗುತ್ತದೆ ಎನ್ನುತ್ತಿದ್ದ. ಅದನ್ನು ಅವಳು ಎಂದೂ ತಪ್ಪೆಂದು ಎಣಿಸಿರಲಿಲ್ಲ. ಇವತ್ತು ಜನರ ನಡುವೆ ದಾರಿ ಮಾಡಿಕೊಂಡು ನಡೆಯುತ್ತ, ಆ ಹಳೆಯದನ್ನು ಈ ಹೊಸದಕ್ಕೆ ವಜಾ ಹಾಕಲಾದೀತೇ ಎಂದು ನೋಡಿದಳು. ಆಗಲಿಲ್ಲ. ತನ್ನ ಕೈಯಲ್ಲಿ ಕೋಲಿರಲಿಲ್ಲ.

ನಿಜ ಹೇಳಬೇಕೆಂದರೆ ಮೆರವಣಿಗೆಯಲ್ಲಿ ನಡೆಯುವುದು ಸುಖವಾಗಿತ್ತು. ಅದೇ ದೊಡ್ಡ ತೊಂದರೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಮಲಾಕಿಯ ಬಲಗೆನ್ನೆ ಎಂದಿನಂತೆ ಜೋತುಬಿದ್ದು ಬ್ಲೇಡಿಗೆ ಸಿಗದೆ ಜಾರುತ್ತಿತ್ತು, ಅವಳು ಎರಡು ಬೆರಳಿಂದ ಚರ್ಮವನ್ನು ಎಳೆದು ಹಿಡಿದಿದ್ದಳು, ಆಗಲೇ ಅವಳ ಕಾಲೊಂದು ನೆಲದ ಮೇಲೆ ತಾಳ ಹಾಕುತ್ತಿತ್ತು. ಮೆರವಣಿಗೆ ಸಾಗುವ ಇದೇ ಬೀದಿಯ ಎತ್ತರದ ಮನೆಗಳಲ್ಲಿ ಅವಳು ಕಾಲುಶತಮಾನ ಶ್ರೀಮಂತ ಮುದುಕರನ್ನು ಎತ್ತಿ ಕೂರಿಸಿ, ಒರೆಸಿ, ಉಣಿಸಿ ಸಂಸಾರ ನಡೆಸಿದವಳು. ಹಬ್ಬದ ದಿನವೂ ಕೆಲವೊಮ್ಮೆ ರಜೆ ಸಿಗದೆ ಹನ್ನೆರಡನೆಯ ಮಹಡಿಯ ಕಿಟಕಿಯಿಂದ ಕೆಳಗೆ ಹರಿಯುವ ಹಸಿರನ್ನು ನೋಡಿದ್ದಳು. ಮುದುಕರನ್ನು ಒರೆಸುವುದು ಕೆಲಸವಾಗಿದ್ದಾಗ ಸಂಜೆ ಬಾಗಿಲೆಳೆದುಕೊಂಡು ಹೊರಡಬಹುದಿತ್ತು. ಈಗ ಬಾಗಿಲು ಎಳೆದುಕೊಂಡರೆ ತಾನೂ ಒಳಗೇ. ಹೋದ ವಾರ ಫಿಂಟನ್ ಬಂದು, "ಗಂಡ ಕೂತ ಅಂತ ಹೆಂಡ್ತೀನೂ ಕೂತ್ಬಿಟ್ರೆ ಹೇಗೆ ತಾಯಿ? ಬಾ, ಮಲಾಕಿ ಪಟ್ಟಿ ನೀನು ಹಾಕ್ಕೊ. ಲೀಟ್ರಿಂ ಸಂಘದಲ್ಲಿ ಕಾಲು ನೆಟ್ಟಗಿರೋರೇ ಕಡಿಮೆ ಆಗಿದಾರೆ" ಎಂದಿದ್ದ. ಫಿಂಟನ್ ಬಸ್ ಓಡಿಸಿ ನಿವೃತ್ತನಾದವನು, ಮಲಾಕಿಯ ಜೊತೆ ಬ್ಯಾನರಿನ ಇನ್ನೊಂದು ಕೋಲು ಹಿಡಿಯುತ್ತಿದ್ದವನು. ಅವಳು ಮಲಾಕಿಯ ಕಡೆ ತಿರುಗಿದ್ದಳು. ಮಲಾಕಿ "ಪರವಾಗಿಲ್ಲ" ಎಂದಿದ್ದ.

ಅವನ ಬಾಯಲ್ಲಿ ಉಳಿದಿರುವ ಮಾತು ಅದೊಂದೇ. ಹೋದ ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ಕುಸಿದು ಬಿದ್ದವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಉಳಿದ ಮಾತೆಲ್ಲ ಹೋಗಿ ಇದೊಂದು ಮಾತ್ರ ತಳದಲ್ಲಿ ಉಳಿದಿತ್ತು. ಲೀಟ್ರಿಂನ ಗಂಡಸರು ಜ್ವರ ಬಂದರೂ, ಹಸು ಸತ್ತರೂ, ಮಗಳ ಮದುವೆಯಾದರೂ ಆಡುವ ಮಾತು ಅದು. ಹಾಗಾಗಿ ಜೀವಮಾನದಲ್ಲಿ ಹೆಚ್ಚು ಬಳಸಿದ ಪಾತ್ರೆಯೇ ಒಡೆಯದೆ ಉಳಿಯಿತೇನೋ. ನೋವಿದೆಯೇ ಎಂದರೆ ಪರವಾಗಿಲ್ಲ. ಹಸಿವೇ ಎಂದರೆ ಪರವಾಗಿಲ್ಲ. ಮೊದಲ ತಿಂಗಳು ಅವಳು ಅದರ ಏರಿಳಿತದಲ್ಲಿ ಅರ್ಥ ಹುಡುಕುತ್ತಿದ್ದಳು, ಆಮೇಲೆ ಬಿಟ್ಟಳು. ಡಾಕ್ಟರು, ಕಂಡದ್ದು ಕೇಳಿದ್ದೆಲ್ಲ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ ಅಷ್ಟೇ ಎಂದಿದ್ದರು. ಮಾತಾಡಬಲ್ಲ ಗಂಡನಾಗಿದ್ದರೆ ಮುಖ ತಿರುಗಿಸಿದ್ದಕ್ಕೆ ಬೈಯುತ್ತಿದ್ದ, ಅವಳೂ ಬೈಯುತ್ತಿದ್ದಳು, ಬಟ್ಟಲು ಬಡಿದು ಬೆಳಗಾಗುತ್ತಿತ್ತು. ಇವನಿಗೆ ಕಂಡಿತೋ ಇಲ್ಲವೋ ಎಂಬುದನ್ನೇ ತಿಳಿಯುವ ದಾರಿಯಿಲ್ಲ. ಕಂಡಿದ್ದರೆ ಅದು ಅವನೊಳಗೆ ಹೋಗಿ ಕೂತಿರುತ್ತದೆ. ಅದನ್ನು ಅಲ್ಲಿಂದ ತೆಗೆಯಲು ಅವನಿಗೂ ಆಗದು, ಅವಳಿಗೂ ಆಗದು.

ಆ ಮೂಲೆಯನ್ನು ಆರಿಸಿದ್ದವಳೂ ಅವಳೇ. ಅಲ್ಲಿಯ ಕಟ್ಟಡದ ಬಾಗಿಲು ಕಾಯುವವನು ಹಳೆಯ ಪರಿಚಯ, ಬೇಕಾದರೆ ಮಲಾಕಿಯನ್ನು ಒಳಗಿನ ಶೌಚಾಲಯಕ್ಕೆ ಬಿಡುತ್ತಾನೆ ಎಂದು. ಹತ್ತಿರ ಬಂದಾಗ ಮಲಾಕಿ ರಸ್ತೆಯನ್ನೇ ನೋಡುತ್ತಿದ್ದ. ಯಾವುದೋ ಶಾಲೆಯ ಬ್ಯಾಂಡು ಹಾದುಹೋಗುತ್ತಿತ್ತು, ಹುಡುಗಿಯರ ಮೊಣಕಾಲು ಚಳಿಗೆ ಕೆಂಪಾಗಿದ್ದವು. ಡಿಂಪ್ನಾ ಅವಳನ್ನು ಕಂಡದ್ದೇ ತಡ, "ನಿನ್ ಕತ್ತಿಗೇನಾಗಿತ್ತೇ ಮಾರಾಯ್ತಿ? ಗಂಟಲು ಹರ್ಕೊಂಡು ಕೂಗಿದೀನಿ! ಆ ಮರಗಳಲ್ಲಿ ಅದೇನು ಹೂವು ಬಿಟ್ಟಿತ್ತು?" ಎಂದಳು.

"ಡೋಲಿನ ಸದ್ದು ಕಣೇ, ಏನೂ ಕೇಳಿಸ್ಲಿಲ್ಲ. ನೀವು ಇನ್ನೂ ಮುಂದಿದೀರಿ ಅಂದ್ಕೊಂಡೆ."

"ಮುಂದೆ ಎಲ್ಲಿ? ಸ್ವರ್ಗದಲ್ಲಾ? ಪಾಪ, ಇವನು ಕೈ ಎತ್ತಿದ್ದೇ ಎತ್ತಿದ್ದು."

ಅಂದರೆ ಕೈ ಎತ್ತಿದ್ದು ನಿಜ. ನೋರೀನ್ ಬಗ್ಗಿ ಹೊದಿಕೆ ಸರಿಪಡಿಸಿದಳು. ಸರಿಯಾಗಿಯೇ ಇತ್ತು. ಆದರೂ ಎಳೆದು ಸಿಕ್ಕಿಸಿದಳು. "ನೋಡಿದ್ಯಾ ಮಲಾಕಿ? ಚೆನ್ನಾಗಿತ್ತಾ ನಮ್ ಸಂಘ?" ಎಂದು ಅವನ ಮೊಣಕಾಲಿಗೆ ಕೇಳಿದಳು. "ಪರವಾಗಿಲ್ಲ" ಎಂದು ತಲೆಯ ಮೇಲಿನಿಂದ ಬಂತು. ತಲೆಯೆತ್ತಿ ನೋಡಿದಾಗ ಅವನು ಪಟ್ಟಿಯನ್ನು ನೋಡುತ್ತಿದ್ದ. ಕೊಳೆಯೇನಾದರೂ ಆಗಿದೆಯೇ ಎಂದು ಅವಳೂ ನೋಡಿಕೊಂಡಳು.

ರೈಲಿನಲ್ಲಿ ಕ್ವೀನ್ಸ್ ಕಡೆಗೆ ಹೋಗುವಾಗ ಹಸಿರು ಪ್ಲಾಸ್ಟಿಕ್ ಟೋಪಿ ಹಾಕಿದ ಹುಡುಗರ ಗುಂಪೊಂದು ಹತ್ತಿತು. ಮಧ್ಯಾಹ್ನಕ್ಕೇ ತೇಲುಗಣ್ಣು. ಅವರಲ್ಲಿ ಒಬ್ಬ ಪ್ರೀತಿಯಿಂದ ಮಲಾಕಿಯ ಮುಂದೆ ಮಂಡಿಯೂರಿ, ತನ್ನ ಕೊರಳಿನ ಹಸಿರು ಮಣಿಸರ ತೆಗೆದು ಅವನ ಕೊರಳಿಗೆ ಹಾಕಿದ. "ಹಬ್ಬದ ಶುಭಾಶಯ ತಾತಾ! ನೀವೂ ಐರಿಶ್ಶಾ?" ಎಂದ. ಮಲಾಕಿ ಪರವಾಗಿಲ್ಲ ಎಂದ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು, ಇಷ್ಟು ಚೆನ್ನಾಗಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲವಂತೆ. ಡಿಂಪ್ನಾ ಸಿಡಿಮಿಡಿಗೊಂಡಳು. ನಗರದ ಅಡಿಯಲ್ಲಿ ನೀರಿನ ಸುರಂಗ ಕೊರೆದು ಕೊರೆದು ಈ ಮಕ್ಕಳ ಮನೆಯ ನಲ್ಲಿಗೆ ನೀರು ತಂದವನನ್ನು ಮದುವಣಿಗನಂತೆ ಸಿಂಗರಿಸುತ್ತಾರಲ್ಲ ಎಂದು ಗೊಣಗಿದಳು. ನೋರೀನ್‌ಗೆ ಸಿಟ್ಟು ಬರಲಿಲ್ಲ, ಬರಬೇಕಿತ್ತು. ಆ ಹುಡುಗ ಮಂಡಿಯೂರಿ ಅವನ ಮುಖವನ್ನು ನೇರವಾಗಿ ನೋಡಿದ್ದನ್ನೇ ಅವಳು ಯೋಚಿಸುತ್ತಿದ್ದಳು. ಕುಡಿದಿದ್ದ, ಸರಿ. ಜೋತ ತುಟಿಯನ್ನೂ, ಅದರ ತುದಿಯ ಜೊಲ್ಲನ್ನೂ ಕಂಡು ಕಣ್ಣು ಕೀಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ತಾನು ಅವನ ಗಲ್ಲ, ಉಗುರು, ಹಿಮ್ಮಡಿ, ಬೆನ್ನಿನ ಹುಣ್ಣು ಎಲ್ಲವನ್ನೂ ದಿನವೂ ನೋಡಿದ್ದೇನೆ, ಮುಖ ನೋಡಿದ್ದು ಯಾವಾಗ ಎಂದು ಕೇಳಿಕೊಂಡಳು. ಮಣಿಸರವನ್ನು ಇಳಿಯುವ ಮೊದಲು ತೆಗೆದು ಚೀಲಕ್ಕೆ ಹಾಕಿದಳು.

ವುಡ್‌ಸೈಡಿನಲ್ಲಿ ಮೇಲ್ಸೇತುವೆಯ ರೈಲು ಹಾದಾಗಲೆಲ್ಲ ಜಾರ್ಲತ್‌ನ ಪಬ್ಬಿನ ಗ್ಲಾಸುಗಳು ಒಂದಕ್ಕೊಂದು ಹಲ್ಲು ಕಡಿಯುತ್ತವೆ. ಹಬ್ಬದ ದಿನ ಅಲ್ಲಿ ಹಸಿರು ಬಿಯರ್ ಕೇಳಿದವರನ್ನು ಜಾರ್ಲತ್ ಪಕ್ಕದ ಬೀದಿಗೆ ಕಳಿಸುತ್ತಾನೆ. ಟೀವಿ ಆರಿಸುತ್ತಾನೆ. ಒಳಗೆ ಒದ್ದೆ ಉಣ್ಣೆಯ, ಬೇಯಿಸಿದ ಎಲೆಕೋಸಿನ, ಕರಿ ಬಿಯರಿನ ಬೆಚ್ಚಗಿನ ವಾಸನೆ. ಬಾಗಿಲಲ್ಲಿ ವೀಲ್‌ಚೇರ್ ಕಂಡ ಕೂಡಲೆ ಜನ ಎರಡು ಪಾಲಾಗಿ ದಾರಿ ಬಿಟ್ಟರು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಿಟ್ಟರು. "ಬಂದ ನೋಡ್ರಪ್ಪಾ ಲೀಟ್ರಿಂ ದೊರೆ! ನೀರು ನಿಂತ ಭೂಮಿನ ಎಕರೆ ಲೆಕ್ಕದಲ್ಲಲ್ಲ, ಕೊಡದ ಲೆಕ್ಕದಲ್ಲಿ ಮಾರೋ ಊರಿನವನು!" ಎಂದು ಕಲ್ಲುನೆಲದ ಗಾಲ್ವೇ ಜಿಲ್ಲೆಯ ಜಾರ್ಲತ್ ಕೂಗಿದ. ಮೊದಲಾಗಿದ್ದರೆ ಮಲಾಕಿ, ನಿಮ್ಮೂರಲ್ಲಿ ಮಾರೋಕೆ ಕಲ್ಲು ಬಿಟ್ಟು ಇನ್ನೇನಿದೆಯೋ ಎಂದು ತಿರುಗಿ ಹೊಡೆಯುತ್ತಿದ್ದ. ಜಾರ್ಲತ್ ಒಂದು ಕ್ಷಣ ಆ ಉತ್ತರಕ್ಕೆ ಕಾದ. ರೂಢಿ ಅದು. ಆಮೇಲೆ ನೆನಪಾಗಿ ಬಟ್ಟೆ ತೆಗೆದುಕೊಂಡು ಗ್ಲಾಸಿಡುವ ಒಣಗಿದ ಕಟ್ಟೆಯನ್ನೇ ಒರೆಸತೊಡಗಿದ.

ನೋರೀನ್ ಚೀಲದಿಂದ ಪುಡಿಯ ಡಬ್ಬಿ ತೆಗೆದಳು. ನೀರಿನಂಥ ಯಾವುದನ್ನೂ ಮಲಾಕಿಗೆ ಹಾಗೇ ಕುಡಿಸುವಂತಿಲ್ಲ, ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪುಡಿ ಬೆರೆಸಿ ದಪ್ಪ ಮಾಡಬೇಕು. ಜಾರ್ಲತ್ ಕರಿ ಬಿಯರನ್ನು ಸುರಿದು, ಅರ್ಧಕ್ಕೆ ನಿಲ್ಲಿಸಿ, ನೊರೆ ಇಳಿಯಲು ಕಾದು, ಮತ್ತೆ ಸುರಿದು, ಮೇಲಿನ ಬಿಳಿಯನ್ನು ಮಟ್ಟಮಾಡಿ, ಎಂದಿನ ಶ್ರದ್ಧೆಯಿಂದ ಒಂದು ಗ್ಲಾಸು ಸಿದ್ಧಮಾಡಿ ಇಟ್ಟ. ಅದರೊಳಕ್ಕೆ ಅವಳು ಎರಡು ಚಮಚ ಪುಡಿ ಹಾಕಿ ಕಲಕಿದಳು. ಅಷ್ಟು ಚೆಂದದ ಪಾನೀಯ ಎಲ್ಲರ ಕಣ್ಣೆದುರಿಗೆ ಗಂಜಿಯಾಯಿತು. ಯಾರೂ ನೋಡಲಿಲ್ಲ. ಅಂದರೆ ಎಲ್ಲರೂ ಹುಷಾರಾಗಿ ಬೇರೆ ಕಡೆ ನೋಡಿದರು, ಗೋಡೆಯ ಮೇಲಿನ ಹರ್ಲಿಂಗ್ ಆಟದ ತಂಡದ ಹಳೆಯ ಫೋಟೋದಲ್ಲಿ ಇವತ್ತು ಏನೋ ಹೊಸದಿದ್ದ ಹಾಗೆ. ತಾನು ಮಾಡಿದ್ದೂ ಇದನ್ನೇ ಎಂದು ನೋರೀನ್‌ಗೆ ಹೊಳೆಯಿತು. ಚಮಚದಿಂದ ಅವನಿಗೆ ಕುಡಿಸುತ್ತ, ಇವರೆಲ್ಲ ಅವನ ಮಾನ ಉಳಿಸಲು ಕಣ್ಣು ತಪ್ಪಿಸುತ್ತಾರೆ, ತಾನು ಯಾರ ಮಾನ ಉಳಿಸಲು ತಪ್ಪಿಸಿದೆ ಎಂದುಕೊಂಡಳು. ಆ ಹತ್ತು ಹೆಜ್ಜೆಯಷ್ಟು ದೂರ ತಾನು ಯಾರ ಹೆಂಡತಿಯೂ ಅಲ್ಲದ, ಚಮಚ ಹಿಡಿಯದ, ಡೋಲಿಗೆ ಹೆಜ್ಜೆ ಹಾಕುವ ಒಬ್ಬ ಹೆಂಗಸಾಗಿದ್ದೆ. ಬಲಕ್ಕೆ ನೋಡಿದ್ದರೆ ಅದು ಮುಗಿದುಹೋಗುತ್ತಿತ್ತು. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ಸಂಕಟವಾಗುತ್ತಿದೆಯಲ್ಲ ಎಂದು ಅವಳಿಗೆ ಅಳು ಬಂದಂತಾಯಿತು. ಅವನ ಗಲ್ಲ ಒರೆಸಿದಳು.

ಅಷ್ಟರಲ್ಲಿ ಹಾಡು ಶುರುವಾಗಿತ್ತು. ಈ ಪಬ್ಬಿನ ಹಾಡಿಗೆ ವಾದ್ಯವಿಲ್ಲ, ಕೂತಲ್ಲಿಂದಲೇ ಕಣ್ಣು ಮುಚ್ಚಿ ಹಾಡುವುದು. ಹಾಡಿದವರಿಗೆ ಮುಂದಿನವರನ್ನು ಕರೆಯುವ ಹಕ್ಕು. ಕರೆದರೆ ಆಗದು ಎನ್ನುವಂತಿಲ್ಲ, ಗಂಟಲು ಕಟ್ಟಿದ್ದರೆ ತನ್ನ ಬದಲಿಗೆ ಇನ್ನೊಬ್ಬರತ್ತ ಬೆರಳು ತೋರಿಸಬಹುದು. ಮತ್ತೆ, ಒಂದು ಹಾಡು ಒಬ್ಬರದು. ಬೀದಿಯಲ್ಲಿ ಮೇಯುವ ಹಸು ಯಾರ ಮನೆಯದೆಂದು ಊರಿಗೆಲ್ಲ ಗೊತ್ತಿರುವಂತೆ ಹಾಡಿನ ಒಡೆಯನೂ ಎಲ್ಲರಿಗೂ ಗೊತ್ತು, ಒಡೆಯನಿರುವಾಗ ಇನ್ನೊಬ್ಬರು ಅದನ್ನು ಹಾಡುವುದಿಲ್ಲ. ಸತ್ತ ಮೇಲೆ ಯಾರದಾದರೂ ಬಾಯಿಗೆ ಹೋಗುತ್ತದೆ, ಹಾಗೆ ಮೊದಲ ಸಲ ಹೋಗುವ ದಿನ ಎಲ್ಲರೂ ಟೋಪಿ ತೆಗೆದು ಎದ್ದು ನಿಲ್ಲುತ್ತಾರೆ. ಪ್ಯಾಕಿ ರೂರ್ಕ್ ತೀರಿಕೊಂಡ ವರ್ಷ ಅವನ ಹಾಡನ್ನು ಅವನ ಸೋದರಸೊಸೆ ಎತ್ತಿಕೊಂಡಾಗ ಮೊದಲು ಎದ್ದವನು ಮಲಾಕಿಯೇ. ಗ್ಲಾಸಿಗೆ ಕೈ ಹಾಕಿದ್ದ ನೋರೀನ್‌ಗೆ ಮೊಣಕೈಯಿಂದ ತಿವಿದು, "ಏಳೇ, ಪ್ಯಾಕಿ ಹೋಗ್ತಿದಾನೆ" ಎಂದು ಪಿಸುಗುಟ್ಟಿದ್ದ. ಮಲಾಕಿಯದು ಕೆಂಡ ತರಲು ಹೋದವನ ಹಾಡು. ಒಲೆ ಆರಿದೆಯೆಂದು ಹೆಂಡತಿ ಪಕ್ಕದ ಮನೆಯಿಂದ ಕೆಂಡ ತರಲು ಕಳಿಸಿದರೆ, ಗಂಡ ದಾರಿಯಲ್ಲಿ ಸಿಕ್ಕವರ ಜೊತೆ ಹಡಗು ಹತ್ತಿ, ಊರೂರು ಅಲೆದು, ತಲೆ ನರೆತ ಮೇಲೆ ಕೈಯಲ್ಲಿ ಕೆಂಡ ಹಿಡಿದು ಬಾಗಿಲಿಗೆ ಬರುತ್ತಾನೆ. 'ಇಷ್ಟು ದೂರವೇ ಪಕ್ಕದ ಮನೆ?' ಎಂದು ಅವಳು ಕೇಳುತ್ತಾಳೆ. ಉದ್ದನೆಯ ಹಾಡು, ಅರ್ಧ ತಮಾಷೆ. ಕೊನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ.

ಫಿಂಟನ್ ತನ್ನ ಹಾಡು ಮುಗಿಸಿದ. ಚಪ್ಪಾಳೆಗೆ ಕಾಯದೆ ಎರಡು ಕೈ ಎತ್ತಿ, "ಕರೆ ನನ್ನದು! ನಾನು ಕರೆಯೋದು ಮಲಾಕಿನ!" ಎಂದ. ಗ್ಲಾಸು ಎತ್ತಿದವರು ಹಾಗೇ ಕೆಳಗಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು, ಅವನನ್ನು ಲೆಕ್ಕದಿಂದ ಬಿಟ್ಟಿಲ್ಲ ಎಂದು ತೋರಿಸಲು. ಆದರೆ ಕರೆದ ಮೇಲೆ ಏನು ಎಂದು ಯೋಚಿಸುವ ಪೈಕಿ ಫಿಂಟನ್ ಅಲ್ಲ. ಅವನ ಕಿವಿ ಕೆಂಪಾದದ್ದು ನೋರೀನ್‌ಗೆ ಕಂಡಿತು. "ಅಲ್ಲ, ಅಂದ್ರೆ... ಅವನು ಯಾರನ್ನಾದ್ರೂ ತೋರಿಸ್ಲಿ. ಹಕ್ಕು ಹಕ್ಕೇ ಅಲ್ವಾ?" ಎಂದು ತೊದಲಿದ. ಮಲಾಕಿ ಹೊದಿಕೆಯ ಅಡಿಯಿಂದ ಎಡಗೈ ಹೊರಗೆ ತೆಗೆದ. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು, ಆಮೇಲೆ ಅವನು ಬೆರಳನ್ನು ನೋರೀನ್ ಕಡೆಗೆ ತಿರುಗಿಸಿದ. ಹತ್ತಿರವೇ ಕೂತವಳನ್ನು ತೋರಿಸಲು ಅಷ್ಟು ದೂರ ಕೈ ಚಾಚಬೇಕಿರಲಿಲ್ಲ. ಬೆರಳ ತುದಿ ಅವಳ ಎದೆಯ ಪಟ್ಟಿಗೆ ಮುಟ್ಟುವಂತಿತ್ತು.

"ಪರವಾಗಿಲ್ಲ" ಎಂದ.

"ಭಲೇ! ನೋರೀನ್! ನೋರೀನ್!" ಎಂದು ಜನ ಕಟ್ಟೆ ಬಡಿದರು. ಹೆಂಡತಿ ಎಂದು ತೋರಿಸಿದನೇ? ಅಥವಾ ಕಂಡಿತು, ನೀನು ತಿರುಗಿಸಿದ್ದು ಕಂಡಿತು, ಈಗ ಎಲ್ಲರೆದುರು ಎದ್ದು ನಿಲ್ಲು ಎಂದು ತೋರಿಸಿದನೇ? ಅವಳು ಅವನ ಬೆರಳನ್ನು ನೋಡಿದಳು, ಉಗುರು ಕತ್ತರಿಸಬೇಕಾಗಿತ್ತು. ಮದುವೆಯ ಮೊದಲು ಅವಳಿಗೂ ಒಂದು ಹಾಡಿತ್ತು. ಸಂಸಾರ ಹೂಡಿದ ಹೊಸದರಲ್ಲಿ ಇದೇ ಪಬ್ಬಿನಲ್ಲಿ ಯಾರೋ ಅವಳನ್ನು ಕರೆದಾಗ ಮಲಾಕಿ ನಗುತ್ತ, "ಒಂದ್ ಮನೆಗೆ ಒಬ್ಬ ಹಾಡೋನು ಸಾಕು ಬಿಡ್ರೋ" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಅಲ್ಲಿಗೆ ಮುಗಿದಿತ್ತು. ಅದು ನೋವಾಗಿತ್ತು ಎಂದು ಇವತ್ತೇ ಗೊತ್ತಾದದ್ದು. ಎದ್ದು ನಿಂತು ಆ ಹಾಡಿನ ಮೊದಲ ಸಾಲಿಗಾಗಿ ತಡಕಾಡಿದಳು. ಸಿಗಲಿಲ್ಲ. ಒಂದು ತುದಿ ಸಿಕ್ಕರೆ ಎಳೆದುಕೊಂಡು ಹೋಗಬಹುದಿತ್ತು, ಅಷ್ಟೂ ಸಿಗಲಿಲ್ಲ. ಕಟ್ಟೆ ಬಡಿಯುವುದು ನಿಂತು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬೇರೆ ಕಡೆ ಯಾರೂ ನೋಡುತ್ತಿರಲಿಲ್ಲ. ಅದು ಅವಳಿಗೆ ಬಹಳ ಇಷ್ಟವಾಯಿತು. ಹಿಂದಿನಿಂದ ಯಾರೋ, "ಕೆಂಡದ್ದೇ ಹೇಳಮ್ಮ, ನಮ್ಗೂ ಕೇಳಿ ವರ್ಷ ಆಯ್ತು" ಎಂದರು. ಒಡೆಯ ಇಲ್ಲಿಯೇ ಕೂತಿದ್ದಾನಲ್ಲ, ಅವನ ಹಾಡನ್ನು ಅವನಿಗೇ ಕೇಳಿಸಿದರೆ ತಪ್ಪೇನು, ಅವನ ಬಾಯಿಯಾಗಿ ನಿಂತರಾಯಿತು ಎಂದು ಅವಳು ತನಗೆ ಹೇಳಿಕೊಂಡಳು. ಅದು ಸುಳ್ಳು ಎಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ಅವಳಿಗೆ ಹಾಡಬೇಕಿತ್ತು. ಮೂವತ್ತು ವರ್ಷ ಕೋಟು ಹೊತ್ತು ಕೇಳಿದ ಹಾಡು ಅಕ್ಷರ ತಪ್ಪದೆ ನಾಲಿಗೆಯ ಮೇಲಿತ್ತು.

ದನಿ ಮೊದಲು ಒಡೆಯಿತು, ಆಮೇಲೆ ಹದಕ್ಕೆ ಬಂತು. ಒಲೆ ಆರಿದ ಚರಣದಲ್ಲಿ ಜನ ನಕ್ಕರು. ಅವನು ಎಳೆಯುತ್ತಿದ್ದ ಕಡೆ ಅವಳೂ ಎಳೆದಳು, ಉಸಿರು ಸಾಕಾಗುತ್ತಿತ್ತು. ತನ್ನ ಗಂಟಲಲ್ಲಿ ಇಷ್ಟು ಉಳಿದಿತ್ತೇ ಎಂದು ಬೆರಗಾಯಿತು. ಮೇಲೆ ರೈಲು ಹಾದು ಗ್ಲಾಸುಗಳು ಗಿಲಿಗಿಲಿ ಎಂದವು, ಅವಳು ನಿಲ್ಲಿಸದೆ ಅದರ ಮೇಲೆಯೇ ಹಾಡಿದಳು. ಬೆಳಿಗ್ಗೆ ಡೋಲಿಗೆ ಹೆಜ್ಜೆ ಹಾಕುವಾಗ ಇದ್ದ ಸುಖವೇ ಮತ್ತೆ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಬಂದಿತ್ತು. ಗಂಡ ಹಡಗು ಹತ್ತುವ ಹೊತ್ತಿಗೆ, ಕಟ್ಟೆಯ ದೂರದ ತುದಿಯಲ್ಲಿ ಹ್ಯೂಯಿ ಮಲ್ವಿ ಎದ್ದು ನಿಂತ. ಎರಡು ಕಣ್ಣಿಗೂ ಪೊರೆ ಬಂದ ಮುದುಕ. ಬಾಗಿಲಲ್ಲಿ ವೀಲ್‌ಚೇರ್ ಬಂದದ್ದನ್ನು ಅವನು ಕಂಡಿರಲಿಲ್ಲ, ಆಮೇಲಿನ ಗದ್ದಲದಲ್ಲಿ ಕೂಗಿದ ಹೆಸರುಗಳು ಅವನಿಗೆ ಬಿಡಿಸಿ ಕೇಳಿರಲಿಲ್ಲ. ಮಲಾಕಿಯ ಹಾಡು ಇನ್ನೊಬ್ಬರ ದನಿಯಲ್ಲಿ ಬಂದದ್ದಷ್ಟೇ ಕೇಳಿಸಿತ್ತು. ಟೋಪಿ ತೆಗೆದು ಎದೆಗೊತ್ತಿಕೊಂಡು, "ದೇವರೇ, ಮಲಾಕಿ ಯಾವಾಗ ಹೋದ?" ಎಂದು ಪಕ್ಕದವನನ್ನು ಕೇಳಿ ಶಿಲುಬೆಯ ಗುರುತು ಹಾಕಿಕೊಂಡ. ಪಕ್ಕದವನು ಅವನ ತೋಳು ಹಿಡಿದೆಳೆಯಲು ಎದ್ದ. ಅವನು ಎದ್ದದ್ದನ್ನು ಕಂಡು ಅವನಾಚೆಯವನೂ ಎದ್ದ. ತಲೆಗೆ ತಿಳಿಯುವ ಮೊದಲೇ ಮೊಣಕಾಲುಗಳಿಗೆ ರೂಢಿ ನೆನಪಾಗಿತ್ತು. ಒಬ್ಬರ ಹಿಂದೊಬ್ಬರು ಎದ್ದರು, ಟೋಪಿಗಳು ಇಳಿದವು, ಏನೆಂದು ತಿಳಿಯದ ಎಳೆಯರೂ ಹಿರಿಯರನ್ನು ನೋಡಿ ಎದ್ದರು. ಡಿಂಪ್ನಾ ಬಾಯಿಗೆ ಕೈ ಹಿಡಿದುಕೊಂಡು ನಿಂತಿದ್ದಳು. ಫಿಂಟನ್, ತಾನು ಎದ್ದದ್ದು ಅರಿವಾಗಿ ಕೂರಲು ಹೋಗಿ, ಕೂತರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಅರ್ಧ ಬಗ್ಗಿ ನಿಂತುಬಿಟ್ಟ.

ನೋರೀನ್‌ಗೆ ಆಗ ಅರ್ಥವಾಯಿತು. ಗಂಡನನ್ನು ಕೂರಿಸಿಕೊಂಡೇ ಅವನ ಸಾವು ಹಾಡಿಬಿಟ್ಟೆ. ಹಾಡು ಬಾಯಿಂದ ತಾನಾಗಿ ಹೋಗುತ್ತಿತ್ತು. ಕಣ್ಣು ಗೋಡೆಯ ಫೋಟೋದ ಕಡೆಗೆ ಓಡಿತು, ಅಲ್ಲಿ ಹರ್ಲಿಂಗ್ ಆಟಗಾರರು ತೋಳು ಕಟ್ಟಿ ನಿಂತಿದ್ದರು, ಇನ್ನು ಹಾಡು ಮುಗಿಯುವವರೆಗೂ ಅವರನ್ನೇ ನೋಡುತ್ತ ನಿಲ್ಲಬಹುದಿತ್ತು. ಆಗ ಪಕ್ಕದಲ್ಲಿ ವೀಲ್‌ಚೇರಿನ ಕಬ್ಬಿಣ ಕಿರುಗುಟ್ಟಿತು. ಮಲಾಕಿ ಎಡಗೈಯಿಂದ ಕಟ್ಟೆಯ ಹಿತ್ತಾಳೆ ಕಂಬಿಯನ್ನು ಹಿಡಿದಿದ್ದ. ಹೊದಿಕೆ ನೆಲಕ್ಕೆ ಬಿತ್ತು. ಜಾರ್ಲತ್ ಕಟ್ಟೆಯಾಚೆಯಿಂದ ಕೈ ಚಾಚಿದ, ಮಲಾಕಿ ತಲೆಯಾಡಿಸಿದ. ಒಂದು ಕಾಲಿನ ಮೇಲೆ ಮೈಯನ್ನೆಲ್ಲ ಹೇರಿ, ಗಂಟಲಲ್ಲಿ ಎತ್ತಿನಂತೆ ಸದ್ದು ಮಾಡುತ್ತ, ಒಂದೊಂದೇ ಬೆರಳು ಮೇಲಕ್ಕೆ ಸರಿಸುತ್ತ ಅವನು ಎದ್ದು ನಿಂತ. ಮನೆಯಲ್ಲಿ ಇಬ್ಬರು ಹಿಡಿದರೂ ಏಳದವನು. ಎಲ್ಲರ ತಲೆಯೂ ಬರಿದಾಗಿತ್ತು. ಟೋಪಿ ತೆಗೆಯಲು ಅವನಿಗೆ ಕೈ ಬಿಡುವಿರಲಿಲ್ಲ, ಇದ್ದ ಒಂದು ಕೈ ಕಂಬಿಯ ಮೇಲಿತ್ತು. ಅಷ್ಟು ಜನರಲ್ಲಿ ಟೋಪಿ ಹಾಕಿಕೊಂಡು ನಿಂತವನು ಅವನೊಬ್ಬನೇ.

ನೋರೀನ್ ಅವನ ಕಡೆಗೆ ತಿರುಗಿದಳು. ಜೋತ ತುಟಿ, ಬೆಳಿಗ್ಗೆ ತನ್ನ ಬ್ಲೇಡಿಗೆ ಸಿಗದೆ ಉಳಿದ ನಾಲ್ಕು ಬಿಳಿ ಕೂದಲು, ನೀರು ತುಂಬಿದ ಬಲಗಣ್ಣು, ಅವಳನ್ನೇ ನೆಟ್ಟು ನೋಡುತ್ತಿದ್ದ ಎಡಗಣ್ಣು. ಸಿಟ್ಟಿತ್ತು ಆ ಕಣ್ಣಲ್ಲಿ. ಎಲ್ಲವೂ ಕಂಡಿತ್ತು ಅದಕ್ಕೆ. ಕೆಂಡ ಹಿಡಿದವನು ಮನೆಗೆ ತಿರುಗಿ ಬರಲು ಇನ್ನೂ ಎಷ್ಟೋ ಚರಣ ಬಾಕಿಯಿದ್ದವು, ಅವನ ಮೊಣಕಾಲು ಆಗಲೇ ನಡುಗುತ್ತಿತ್ತು. ಎರಡು ಚರಣ ಹಾರಿಸಿ ಮುಗಿಸಿದ್ದರೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹಾರಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅವನು ಬಿದ್ದರೆ ಹಿಡಿಯುವಷ್ಟು ಹತ್ತಿರಕ್ಕೆ ಹೋಗಿ ನಿಂತು, ಅವನ ಮುಖವನ್ನೇ ನೋಡುತ್ತ, ಊರಿಂದ ಊರಿಗೆ, ಹಡಗಿನಿಂದ ದಡಕ್ಕೆ, ದಡದಿಂದ ಬಾಗಿಲಿಗೆ ಅವನ ಹಾಡನ್ನು ಪೂರ್ತಿ ಹಾಡಿದಳು.